ವಾಯುಭಾರ ಕುಸಿತ ದಾಟಿ ಹೋಯ್ತು: ನಿಮ್ಮೂರಾಗ ಗಾಳಿ ಯಾವ ಕಡೆಯಿಂದ ಬಂತು, ಮಳಿ ಎಷ್ಟಾಯ್ತು?

ಮಳೆಲೆಕ್ಕ (ಕಲಬುರಗಿ ನಗರ), ಗುರುವಾರ ಬೆಳಿಗ್ಗೆ

ಎಲ್ಲರಿಗೂ ಶರಣು. ಆಂಧ್ರದ ದಡ ಹತ್ತಿ, ತೆಲಂಗಾಣ ದಾಟಿ ಬಂದ ವಾಯುಭಾರ ಕುಸಿತ ನಿನ್ನೆ ರಾತ್ರಿ ನಮ್ಮ ಕಲಬುರಗಿ, ಬೀದರ್, ಯಾದಗಿರಿ ಮೂರು ಜಿಲ್ಲಾದ ಮ್ಯಾಲಿಂದ ಹಾದು ಮಹಾರಾಷ್ಟ್ರದ ಕಡೆ ಹೋಗ್ಯಾದ. ಚಿತ್ತಿ ಮಳಿ ಅಂದ್ರ ಸಂಜೀಕ ಗುಡುಗಿ, ಒಂದು ತಾಸು ಹೊಡದು ಹೋಗೋ ಮಳಿ ನೋಡಿ ರೂಢಿ ಇದ್ದವರಿಗೆ ಇದು ಬ್ಯಾರೇನೇ ಇತ್ತು. ಗುಡುಗು ಕಡಿಮಿ, ಮಿಂಚು ಕಡಿಮಿ, ಆದ್ರ ನಡುವ ಒಂದಿಷ್ಟು ಹೊತ್ತು ಬಿಟ್ಟರ ಬೆಳಗಿನತನಕ ಒಂದೇ ಸಮ ಸುರೀತು.

ಈ ಸಲ ಎಲ್ಲರೂ ಕೂಡಿ ಒಂದು ಕೆಲಸ ಮಾಡೋಣ. ಬುಧವಾರ ಬೆಳಿಗ್ಗೆ 8.30ರಿಂದ ಇವತ್ತು 8.30ರತನಕ ನಿಮ್ಮ ಮಾಪಕದಾಗ ಎಷ್ಟು ನಿಂತದ, ಗಾಳಿ ಎಷ್ಟೊತ್ತಿಗೆ ಯಾವ ದಿಕ್ಕಿನಿಂದ ಬೀಸ್ತು, ಜೋರು ಮಳಿ ಯಾವಾಗ ಶುರು ಆಯ್ತು, ಇಷ್ಟು ಬರೀರಿ. ಮಾಪಕ ಇಲ್ಲದವರು ಗಾಳಿ ದಿಕ್ಕು ಬರದ್ರೂ ಸಾಕು.

ನನ್ನದು ಹೇಳ್ತೀನಿ. ಬುಧವಾರ ಸಂಜೀತನಕ ಬಡಗಣ ಗಾಳಿ ಇತ್ತು. ರಾತ್ರಿ ಊಟದ ಹೊತ್ತಿಗೆ ಗಾಳಿ ಪೂರ್ತಿ ನಿಂತು, ಮಳಿನೂ ಸಣ್ಣಾಗಿ, ಇನ್ನ ಮುಗೀತು ಅನಿಸಿತ್ತು. ನಡುರಾತ್ರಿ ಮ್ಯಾಲೆ ತೆಂಕಣದಿಂದ ಎದ್ದ ಗಾಳಿ ಮತ್ತ ಮಳಿ ಹೊತ್ತು ತಂತು. ಮಳಿ 115.6 ಮಿಲಿಮೀಟರ್ ದಾಟ್ಯಾದ, ಅಂದ್ರ ಹವಾಮಾನ ಇಲಾಖೆ ಲೆಕ್ಕದಾಗ ‘ಅತಿ ಭಾರಿ’ ಸಾಲಿಗೆ ಬಂತು.

ಕೋಟೆ ಬಾಜೂ (ಬೀದರ್), ಗುರುವಾರ ಬೆಳಿಗ್ಗೆ

ನಮ್ಮಲ್ಲಿ ರಾತ್ರಿಯೆಲ್ಲಾ ಮೂಡಣ ಗಾಳಿ. ದಿಕ್ಕು ಬದಲಾಗಲೇ ಇಲ್ಲ. ಮಳಿ ನಿಮ್ಮಷ್ಟಿಲ್ಲ, ಭಾರಿ ಮಳಿಯ ಗಡಿ, ಅಂದ್ರ 64.5 ಮಿಲಿಮೀಟರ್, ಹೆಂಗೋ ಮುಟ್ಟಿತು.

ನಮ್ಮದು ಕೆಂಪು ಜಂಬಿಟ್ಟಿಗೆಯ ಎತ್ತರದ ನೆಲ. ಬಿದ್ದ ನೀರು ಇಳಿದು ಹೋಗ್ತದ, ಬೆಳಿಗ್ಗೆ ಅಂಗಳದಾಗ ಕೆಸರೇ ಇರಲಿಲ್ಲ. ನೌಬಾದದ ಸುರಂಗ ಬಾವಿ ಬಹಮನಿ ಕಾಲದಾಗ ತೋಡಿದ್ದು ಇದೇ ಗುಣ ನಂಬಿ. ಜಂಬಿಟ್ಟಿಗೆಯೊಳಗ ಇಳಿದ ನೀರನ್ನ ನೆಲದ ಕೆಳಗೇ ಹರಿಸಿಕೊಂಡು ಬರೋ ಕಾಲುವೆ ಅದು. ನಿಮ್ಮ ಎರಿ ನೆಲದಾಗ ಇದೇ ಮಳಿ ಬಿದ್ದರ ಎರಡು ದಿನ ಕಾಲು ಕಿತ್ತಿಡಲಿಕ್ಕೆ ಆಗೂದಿಲ್ಲ.

ಹತ್ತಿ ಹೊಲ (ಶಹಾಪುರ, ಯಾದಗಿರಿ ಜಿಲ್ಲೆ), ಗುರುವಾರ ಮುಂಜಾನೆ

ಪಡುವಣ ಗಾಳಿರೀ ನಮ್ಮಲ್ಲಿ, ಜೋರು. ಬುಧವಾರ ಮಧ್ಯಾಹ್ನದಿಂದಲೇ ಮಳಿ ಹಿಡೀತು. ಬಿರಿದ ಹತ್ತಿಯೆಲ್ಲಾ ತೊಯ್ದು ಗಿಡದಾಗೇ ಜೋತು ಬಿದ್ದದ. ಮಾಪಕ ಇಲ್ಲ, ಅಂಗಳದಾಗಿಟ್ಟ ಬಕೆಟು ತುಂಬಿತ್ತು. ಅದು ಲೆಕ್ಕಕ್ಕ ಬರ್ತದೇನು?

ಸೇಡಂ ಮಾಸ್ತರ, ಗುರುವಾರ ಮಧ್ಯಾಹ್ನ

ಶಹಾಪುರದ ಅಣ್ಣಾರಿಗೆ: ಬಕೆಟು ಮ್ಯಾಲೆ ಅಗಲ, ಕೆಳಗ ಸಣ್ಣದು ಇರ್ತದ. ಹಂಗಾಗಿ ಅದರಾಗಿನ ನೀರಿನ ಎತ್ತರ ನೇರ ಲೆಕ್ಕಕ್ಕ ಬರೂದಿಲ್ಲ. ಗ್ವಾಡಿ ನೆಟ್ಟಗಿರೋ ಡಬ್ಬಿ, ಬಾಯಿ ಮತ್ತು ತಳ ಒಂದೇ ಅಳತೆಯದ್ದು ಇಟ್ಟರ ಸಾಕು, ಸ್ಕೇಲಿನಿಂದ ಅಳೀಬಹುದು. ಒಂದು ಚದರ ಮೀಟರ್ ಜಾಗದ ಮ್ಯಾಲೆ ಒಂದು ಮಿಲಿಮೀಟರ್ ಮಳಿ ಅಂದ್ರ ಒಂದು ಲೀಟರ್ ನೀರು. ನಮ್ಮ ಶಾಲಿ ಮಕ್ಕಳು ಇದನ್ನ ಬಾಯಿಪಾಠ ಮಾಡ್ಯಾರ. ಡಬ್ಬಿಯನ್ನ ಗಿಡ, ಗ್ವಾಡಿಯಿಂದ ಅವುಗಳ ಎತ್ತರದ ಎರಡು ಪಟ್ಟಾದ್ರೂ ದೂರ ಇಡ್ರಿ.

ಈಗ ಗಾಳಿ ವಿಷಯಕ್ಕ ಬರ್ತೀನಿ. ನೀವು ಮೂವರು ಬರದದ್ದು ಓದಿ ನನಗ ಭಾಳ ಖುಷಿ ಆಯ್ತು, ಯಾಕಂದ್ರ ಅಷ್ಟರಾಗೇ ಮಳಿ ಬಂದ ದಾರಿ ಸಿಕ್ಕದ. ಭೂಮಧ್ಯರೇಖೆಯ ಉತ್ತರಕ್ಕ ಇರೋ ನಮಗ ಒಂದು ನಿಯಮ ಅದ: ಗಾಳಿಗೆ ಬೆನ್ನು ಕೊಟ್ಟು ನಿಂತರ ಕಡಿಮಿ ಒತ್ತಡದ ಕೇಂದ್ರ ಎಡಗೈ ಕಡೆ ಇರ್ತದ.

ಬೀದರದಾಗ ಮೂಡಣ ಗಾಳಿ. ಅದಕ್ಕ ಬೆನ್ನು ಕೊಟ್ಟರ ಮುಖ ಪಡುವಣಕ್ಕ, ಎಡಗೈ ತೆಂಕಣಕ್ಕ. ಕೇಂದ್ರ ಬೀದರದ ದಕ್ಷಿಣಕ್ಕ ಇತ್ತು. ಶಹಾಪುರದಾಗ ಪಡುವಣ ಗಾಳಿ, ಬೆನ್ನು ಕೊಟ್ಟರ ಎಡಗೈ ಬಡಗಣಕ್ಕ. ಕೇಂದ್ರ ಶಹಾಪುರದ ಉತ್ತರಕ್ಕ ಇತ್ತು. ಕಲಬುರಗಿಯಾಗ ಮೊದಲು ಬಡಗಣ ಗಾಳಿ, ಅಂದ್ರ ಕೇಂದ್ರ ಇನ್ನ ಪೂರ್ವದಾಗಿತ್ತು, ನಮ್ಮ ಸೇಡಂ ಕಡೆ. ಆಮ್ಯಾಲೆ ಗಾಳಿ ನಿಂತಿತು. ಕೊನೀಗೆ ತೆಂಕಣ ಗಾಳಿ, ಅಂದ್ರ ಕೇಂದ್ರ ಪಶ್ಚಿಮಕ್ಕ ದಾಟಿತ್ತು. ಗಾಳಿ ನಿಂತ ಆ ಹೊತ್ತಿನಾಗ ಅದು ಕಲಬುರಗಿ ನೆತ್ತಿ ಮ್ಯಾಲೆ, ಇಲ್ಲಂದ್ರ ಭಾಳ ಸಮೀಪ ಇತ್ತು.

ಒಂದು ಎಚ್ಚರಿಕೆ. ಗುಡುಗು ಮೋಡದಿಂದ ಒಮ್ಮೆಲೇ ಕೆಳಗ ನುಗ್ಗೋ ಗಾಳಿ, ಓಣಿಯಾಗ ಮನಿ ನಡುವ ತಿರುಗಿ ಬರೋ ಗಾಳಿ ಲೆಕ್ಕಕ್ಕ ಹಿಡೀಬ್ಯಾಡ್ರಿ. ಹೊಲದಾಗ ಇಲ್ಲಾ ಮಾಳಿಗಿ ಮ್ಯಾಲೆ ಒಂದೇ ಸಮ ಬೀಸೋ ಗಾಳಿ ನೋಡ್ರಿ.

ಹೊಸಬ (ಶಹಾಬಾದ್), ಗುರುವಾರ ಮಧ್ಯಾಹ್ನ

ನನ್ನ ಮೊಬೈಲದಾಗ ಗಾಳಿ ಒತ್ತಡ ತೋರಸೋ ಆ್ಯಪ್ ಅದ. ಬುಧವಾರ ಸಂಜೀ ನಾಲ್ಕಕ್ಕ ಒತ್ತಡ ಇಳೀತು, ರಾತ್ರಿ ಮತ್ತ ಏರಿ, ನಸಿಕಿನಾಗ ಮತ್ತ ಇಳೀತು. ಅಂದ್ರ ಕೇಂದ್ರ ಎರಡು ಸಲ ಬಂತಾ? ಮತ್ತ ಬೀದರದ ಗೆಳೆಯನ ಮೊಬೈಲದಾಗ ನನಗಿಂತ ಭಾಳ ಕಡಿಮಿ ತೋರಸ್ತದ, ಆದ್ರ ಮಳಿ ನಮಗೇ ಹೆಚ್ಚು.

ಮಳೆಲೆಕ್ಕ (ಕಲಬುರಗಿ ನಗರ), ಗುರುವಾರ ಮಧ್ಯಾಹ್ನ

ಒಳ್ಳೇ ಪ್ರಶ್ನೆ ತಮ್ಮಾ. ನಮ್ಮ ಸೀಮಿಯಾಗ ಒತ್ತಡ ದಿನಾ ಎರಡು ಸಲ ಏರಿ ಇಳೀತದ, ಮಳಿ ಇರಲಿ ಬಿಡಲಿ. ಬೆಳಿಗ್ಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಹೆಚ್ಚು, ನಸಿಕಿನ ನಾಲ್ಕು ಮತ್ತು ಸಂಜೀ ನಾಲ್ಕರ ಸುಮಾರಿಗೆ ಕಡಿಮಿ. ಈ ಏರಿಳಿತನೇ ಮೂರು ನಾಲ್ಕು ಹೆಕ್ಟೊಪಾಸ್ಕಲ್ ಇರ್ತದ. ಹಂಗಾಗಿ ನಿನ್ನೆ ನಾಲ್ಕು ಗಂಟೆಯ ಅಂಕಿಯನ್ನ ಮೊನ್ನೆ ನಾಲ್ಕು ಗಂಟೆಯ ಅಂಕಿಗೆ ಹೋಲಿಸು, ಬೆಳಗಿನ ಅಂಕಿಗಲ್ಲ. ಆಗ ನಿಜವಾದ ಕುಸಿತ ಎಷ್ಟಂತ ತಿಳೀತದ.

ಬೀದರ್ ನಮಗಿಂತ ಇನ್ನೂರು ಮೀಟರಿಗೂ ಹೆಚ್ಚು ಎತ್ತರದಾಗ ಅದ. ಎಂಟು ಒಂಬತ್ತು ಮೀಟರ್ ಏರಿದಂಗ ಒಂದು ಹೆಕ್ಟೊಪಾಸ್ಕಲ್ ಕಡಿಮಿ ಆಗ್ತದ. ಇಬ್ಬರ ಅಂಕಿಯನ್ನ ಸಮುದ್ರಮಟ್ಟಕ್ಕ ಇಳಿಸದೇ ಹೋಲಿಸಲಿಕ್ಕೆ ಬರೂದಿಲ್ಲ. ನಿನ್ನ ಅಂಕಿ ಹೊತ್ತಿನ ಸಮೇತ ಬರದು ಇಡು, ಅದು ಭಾಳ ಬೆಲೆಯುಳ್ಳ ದಾಖಲೆ.

ಕಾಡಂಚು (ಚಿಂಚೋಳಿ), ಗುರುವಾರ ಸಂಜೆ

ನನ್ನವು ಎರಡು ಮಾಪಕ ಅವ, ಒಂದು ಊರಾಗ, ಇನ್ನೊಂದು ಹೊಲದಾಗ, ಕಾಡಿನ ಕಡೆ. ಊರಿಗಿಂತ ಹೊಲದಾಗ ಹೆಚ್ಚುಕಡಿಮಿ ಒಂದೂವರೆ ಪಟ್ಟು ಮಳಿ ಆಗ್ಯಾದ. ಮುಲ್ಲಾಮಾರಿ ಕೆಂಪಗಾಗಿ ಹರಿಯಲಿಕ್ಕತ್ತದ.

ಮೊಬೈಲದಾಗ ರೆಡಾರ್ ಚಿತ್ರ ನೋಡಿ ‘ನಮ್ಮೂರ ಮ್ಯಾಲೆ ಬರೇ ಹಸಿರು ಬಣ್ಣ ಅದ, ಜೋರು ಮಳಿ ಇಲ್ಲ’ ಅಂತ ನಿನ್ನೆ ಭಾಳ ಮಂದಿ ಅಂದ್ರು. ಅವರಿಗಾಗಿ ಇದನ್ನ ಬರೀತೀನಿ. ನಮಗ ಹತ್ತಿರದ ದೊಡ್ಡ ರೆಡಾರ್ ಹೈದರಾಬಾದದ್ದು. ಅದರ ಕಿರಣ ನೆಲಕ್ಕ ಅಂಟಿಕೊಂಡು ಬರೂದಿಲ್ಲ. ಅರ್ಧ ಡಿಗ್ರಿ ಮ್ಯಾಲಕ್ಕ ಹೊಂಟಿರ್ತದ, ಭೂಮಿ ಬಾಗ್ಯಾದ, ಹಿಂಗಾಗಿ ದೂರ ಹೋದಂಗ ನೆಲದಿಂದ ಎತ್ತರಕ್ಕ ಹೋಗ್ತದ. ನನ್ನ ಲೆಕ್ಕದಾಗ ಬೀದರ್, ಚಿಂಚೋಳಿ ಮ್ಯಾಲೆ ಅದು ಒಂದೂವರೆ ಎರಡು ಕಿಲೋಮೀಟರ್ ಎತ್ತರದಾಗ ಹಾಯ್ತದ. ಕಲಬುರಗಿ ಮ್ಯಾಲೆ ಮೂರು ಕಿಲೋಮೀಟರಿಗೂ ಮ್ಯಾಲೆ. ಅಫಜಲಪುರಕ್ಕ ಬರೋದ್ರಾಗ ಐದರ ಸಮೀಪ.

ಬ್ಯಾಸಗಿಯ ಗುಡುಗು ಮೋಡ ಹತ್ತು ಹನ್ನೆರಡು ಕಿಲೋಮೀಟರ್ ಎದ್ದು ನಿಂತಿರ್ತದ, ಅದು ರೆಡಾರಿಗೆ ಭಾಳ ದೂರದಿಂದನೂ ಕಾಣಸ್ತದ. ನಿನ್ನೆಯಂಥ ಮಳಿಯಾಗ ಹನಿ ದಪ್ಪಗಾಗೋದು ಬಹಳಷ್ಟು ಕೆಳಗಿನ ಮೋಡದಾಗೇ. ಕಿರಣ ಅದರ ಮ್ಯಾಲಿಂದ ದಾಟಿ ಹೋಗ್ತದ. ಹಂಗಾಗಿ ಚಿತ್ರದಾಗ ಹಸಿರು ಇದ್ರೂ ಕೆಳಗ ಸುರೀತಿರ್ತದ. ನಮ್ಮ ಡಬ್ಬಿ ಮಾಪಕ ಯಾಕ ಬೇಕು ಅಂತ ಕೇಳೋರಿಗೆ ನಾ ಹೇಳೋದು ಇದೇ. ಪಂಚಾಯಿತಿ ಮಟ್ಟದಾಗ ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕ ಅವ, ಅವು ತಾವೇ ಅಂಕಿ ಕಳಸ್ತಾವ, ಭಾಳ ಉಪಯೋಗ ಆಗ್ಯಾದ. ಆದ್ರ ಒಂದು ಪಂಚಾಯಿತಿಯೊಳಗೇ ನನ್ನ ಎರಡು ಡಬ್ಬಿ ಇಷ್ಟು ಬ್ಯಾರೆ ತೋರಿಸಿದ ಮ್ಯಾಲೆ, ಹಳ್ಳಿಗೊಂದು ಇದ್ರೂ ಹೆಚ್ಚಲ್ಲ ಅಂತ ನನ್ನ ನಂಬಿಕಿ.

ದಾರಿಹೋಕ (ಜೇವರ್ಗಿ), ಗುರುವಾರ ಸಂಜೆ

ಈ ಚಂಡಮಾರುತದ ಹೆಸರೇನ್ರಿ?

ಸೇಡಂ ಮಾಸ್ತರ, ಗುರುವಾರ ಸಂಜೆ

ಹೆಸರಿಲ್ರಿ. ಗಾಳಿಯ ವೇಗ ಗಂಟೆಗೆ 62 ಕಿಲೋಮೀಟರ್ ಮುಟ್ಟಿದ ಮ್ಯಾಲೆ ಚಂಡಮಾರುತ ಅಂತ ಹೆಸರಿಡ್ತಾರ. ಇದು ಅದರ ಕೆಳಗಿನದ್ದು. 2020ರ ಅಕ್ಟೋಬರ್ 13ಕ್ಕ ಕಾಕಿನಾಡದ ಹತ್ತಿರ ದಡ ಹತ್ತಿ, ಹೈದರಾಬಾದ ಮುಳುಗಿಸಿ ನಮ್ಮ ಕಡೆ ಬಂತಲ್ಲ, ಅದಕ್ಕೂ ಹೆಸರಿರಲಿಲ್ಲ. ಹೆಸರಿಲ್ಲದ್ದಕ್ಕ ಮಂದಿ ಹಗುರಾಗಿ ತಗೋತಾರ, ನಮ್ಮ ಸೀಮಿಗೆ ಮಾತ್ರ ಇಂಥವೇ ಹೆಚ್ಚು ಹಾನಿ ಮಾಡ್ಯಾವ.

ಹೊಳೆದಂಡೆ (ಅಫಜಲಪುರ ತಾಲೂಕು), ಗುರುವಾರ ರಾತ್ರಿ

ಎಲ್ಲರೂ ‘ದಾಟಿ ಹೋಯ್ತು’ ಅಂತ ಬರದೀರಿ. ನಮಗ ಈಗ ಶುರು.

ಭೀಮಾ ದಂಡಿ ಮ್ಯಾಲಿನ ನಮ್ಮಂಥ ಹಳ್ಳಿಗೆ ಮಳಿ ಎರಡು ಸಲ ಬರ್ತದ. ಒಮ್ಮೆ ಮ್ಯಾಲಿಂದ, ಒಮ್ಮೆ ಹೊಳಿಯೊಳಗಿಂದ. ಕಲಬುರಗಿ ದಾಟಿದ ಮೋಡ ಈಗ ಸೊಲ್ಲಾಪುರ, ಪುಣೆ ಕಡೆ ಸುರೀಲಿಕ್ಕತ್ತದ. ಅಲ್ಲಿ ಬಿದ್ದದ್ದೆಲ್ಲಾ ಭೀಮಾದಾಗೇ ಬರ್ತದ. ಉಜನಿ ಅಣೆಕಟ್ಟಿನ ನೀರು ಅಷ್ಟೇ ಅಲ್ಲ. ಉಜನಿ ಕೆಳಗ ನರಸಿಂಗಪುರದ ಹತ್ತಿರ ನೀರಾ ಕೂಡ್ತದ, ಅದರ ಮ್ಯಾಲೆ ವೀರ ಅಣೆಕಟ್ಟು. ಇನ್ನೂ ಕೆಳಗ ಸೀನಾ ಕೂಡ್ತದ. ಟಿವಿಯವರು ಉಜನಿ ಒಂದೇ ಹೇಳ್ತಾರ, ನಾವು ಮೂರೂ ಕೂಡಿಸಿ ಲೆಕ್ಕ ಹಾಕಬೇಕು. ಆ ನೀರೆಲ್ಲಾ ಮೊದಲು ನಮ್ಮ ಸೊನ್ನ ಬ್ಯಾರೇಜಿಗೆ ಬರ್ತದ, ಆಮ್ಯಾಲೆ ಘತ್ತರಗಿ, ಗಾಣಗಾಪುರ, ಜೇವರ್ಗಿ, ಯಾದಗಿರಿ.

ಜುಲೈನಾಗ ಇಷ್ಟೇ ಮಳಿ ಬಿದ್ದಿದ್ರ ಅಣೆಕಟ್ಟು ಅದನ್ನ ಹಿಡಕೊಳ್ತಿತ್ತು. ಅಕ್ಟೋಬರಿನಾಗ ಎಲ್ಲಾ ತುಂಬಿ ಕುಂತಿರ್ತಾವ, ಬಂದದ್ದು ಬಂದಂಗ ಬಿಡಬೇಕಾಗ್ತದ. 2020ರಾಗ ಆದದ್ದು ಅದೇ. ಇಲ್ಲಿ ಮಳಿ ನಿಂತು ಬಿಸಿಲು ಬಿದ್ದ ಮ್ಯಾಲೆ ಹೊಳಿ ಏರಿತು, ಸೇನಾದವರು ಬೋಟು ತಂದು ಮಂದೀನ ಹೊರಗ ತಗದ್ರು. ನಮ್ಮ ಮನಿಯ ಕಾಳು, ಕಣಕಿ ಬಣವಿ ಎಲ್ಲಾ ಆವಾಗ ಹೋಯ್ತು. ಎದುರಿಗೇ ತೇಲಿ ಹೋಯ್ತು, ನೋಡಕೋತ ನಿಂತಿದ್ವಿ.

ದಂಡಿ ಮ್ಯಾಲಿನ ಎಲ್ಲಾ ಅಣ್ಣ ತಮ್ಮಂದಿರಿಗೆ ಕೈಮುಗಿದು ಹೇಳ್ತೀನಿ. ಮೋಟಾರು, ಸ್ಟಾರ್ಟರ್ ಡಬ್ಬಿ ಇವತ್ತೇ ಬಿಚ್ಚಿಕೊಂಡು ಬರ್ರಿ. ಕತ್ತಲಾದ ಮ್ಯಾಲೆ, ನೀರು ಏರಲಿಕ್ಕತ್ತಿದ ಮ್ಯಾಲೆ ಮೋಟಾರು ತರಲಿಕ್ಕೆ ಹೊಳಿಗೆ ಇಳೀಬ್ಯಾಡ್ರಿ. ದನದ ಹಗ್ಗ ಬಿಚ್ಚಿ ಎತ್ತರಕ್ಕ ಹೊಡೀರಿ, ಕಟ್ಟಿದ ದನ ಈಸಲಿಕ್ಕೆ ಆಗೂದಿಲ್ಲ. ನೀರಿನ ಜೋಡಿ ಹಾವು ಮನಿಯೊಳಗ ಬರ್ತಾವ, ಬಣವಿಯಾಗ ಕೈ ಹಾಕೋ ಮೊದಲು ಕೋಲಿನಿಂದ ಬಡೀರಿ.

ಮಳೆಲೆಕ್ಕ (ಕಲಬುರಗಿ ನಗರ), ಗುರುವಾರ ರಾತ್ರಿ

ಕಾಕಾ, ನೀವು ಬರದದ್ದು ಎಲ್ಲಾದಕ್ಕಿಂತ ಮ್ಯಾಲೆ ಇರಬೇಕು. ಕ್ಯೂಸೆಕ್ ಅಂದ್ರ ಎಷ್ಟು ಅಂತ ಕೇಳೋರಿಗಾಗಿ ಎರಡು ಮಾತು ಸೇರಸ್ತೀನಿ. ಒಂದು ಕ್ಯೂಸೆಕ್ ಅಂದ್ರ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಒಂದು ಲಕ್ಷ ಕ್ಯೂಸೆಕ್ ಇಡೀ ದಿನ ಹರಿದರ ಹತ್ತಿರ ಹತ್ತಿರ 8.64 ಟಿಎಂಸಿ (ಒಂದು ಟಿಎಂಸಿ ಅಂದ್ರ ನೂರು ಕೋಟಿ ಘನ ಅಡಿ) ಆಗ್ತದ. ಕ್ಯೂಸೆಕ್ ಎರಡು ಪಟ್ಟಾದ್ರ ನೀರಿನ ಎತ್ತರ ಎರಡು ಪಟ್ಟಾಗಬೇಕು ಅಂತಿಲ್ಲ. ದಂಡಿಯೊಳಗ ಇರೋತನಕ ಎತ್ತರ ಏರ್ತದ, ದಂಡಿ ಮೀರಿದ ಮ್ಯಾಲೆ ಅಗಲಕ್ಕ ಹರಡಿ ಹೊಲಕ್ಕ ನುಗ್ತದ. ನಮ್ಮ ಭೀಮಾ ತೀರ ಸಪಾಟು, ಹಂಗಾಗಿ ಒಂದು ಮೊಳ ಏರಿದ್ರೂ ಮೈಲಿಗಟ್ಟಲೆ ಮುಳುಗ್ತದ.

ಸೋಯಾ ರೈತ (ಭಾಲ್ಕಿ), ಶುಕ್ರವಾರ ಬೆಳಿಗ್ಗೆ

ಬೀದರದ ಅಣ್ಣಾರು ನೀರು ಇಳೀತು ಅಂದ್ರು. ಇಡೀ ಜಿಲ್ಲಾ ಜಂಬಿಟ್ಟಿಗೆ ಅಲ್ರಿ, ನಮ್ಮ ಭಾಲ್ಕಿ ಕಡೆ ಎರಿ ಹೊಲ ಬೇಕಾದಷ್ಟು ಅವ. ಕೊಯ್ದು ಹಾಕಿದ ಸೋಯಾ ನೀರಾಗ ನಿಂತದ. ಬಿಸಿಲು ಬಿದ್ದ ಕೂಡಲೇ ಕಾಯಿಯೊಳಗೇ ಮೊಳಕಿ ಒಡೀತದ. ತಾಡಪತ್ರಿ ಮ್ಯಾಲೆ ಹಾಕಿದ್ರೂ ಕೆಳಗಿಂದ ಹಸಿ ಹಿಡೀತು.

ವಿಮಾ ಮಾಡಿಸಿದವರು 72 ತಾಸಿನೊಳಗ ತಿಳಿಸಲೇಬೇಕು. ಕೊಯ್ದು ಒಣಗಲಿಕ್ಕೆ ಹಾಕಿದ ಬೆಳಿಗೆ ಕೊಯ್ಲಿನಿಂದ ಹದಿನಾಲ್ಕು ದಿನದತನಕ ಈ ನಿಯಮ ಅದ. ಮಂದಿ ಮೊದಲು ರಾಶಿ ಉಳಿಸಿಕೊಳ್ಳೋದ್ರಾಗ ಇರ್ತಾರ, ಮೂರು ದಿನ ದಾಟಿಬಿಡ್ತದ. ಮಳಿ ದಿನ, ಹೊತ್ತು ಕಾಣೋ ಹಂಗ ಫೋಟೋ ತಗೀರಿ. ಇಲ್ಲಿ ಮಳಿ ಅಳದು ಬರೀಲಿಕ್ಕತ್ತೀರಲ್ಲ, ಅದೇ ನಾಳೆ ನಮಗ ಕೇಳಲಿಕ್ಕೆ ಆಧಾರ ಆಗ್ತದ.

ತೊಗರಿ ಅಕ್ಕ (ಆಳಂದ), ಶುಕ್ರವಾರ ಮುಂಜಾನೆ

ತೊಗರಿಯವರು ಒಂದು ಮಾತು ಕೇಳ್ರಿ. ಹೂವಿಗೆ ಬರೋ ಹೊತ್ತಿನಾಗ ಎರಿ ಹೊಲದಾಗ ನೀರು ನಿಂತರ ಬೇರಿಗೆ ಉಸಿರು ಸಿಗೂದಿಲ್ಲ. ಎರಿ ಮಣ್ಣು ಒಣಗಿದಾಗ ಬಿರಿದು ನೀರು ಕುಡೀತದ. ತೊಯ್ದ ಮ್ಯಾಲೆ ಉಬ್ಬಿ ಬಿರುಕು ಮುಚ್ಚಿ, ನೀರನ್ನ ಮ್ಯಾಲೇ ನಿಲ್ಲಿಸ್ತದ. ತಗ್ಗಿನ ಕಡೆ ಒಡ್ಡು ಕಡಿದು ನೀರು ಬಸಿದು ಹೋಗಲಿಕ್ಕೆ ಬಿಡ್ರಿ. ಕೆಳಗಿನ ಹೊಲದವರಿಗೆ ಹೇಳಿಯೇ ಕಡೀರಿ, ಜಗಳ ಬ್ಯಾಡ. ಹಸಿ ಆರೋತನಕ ಎಡಿ ಹೊಡೀಬ್ಯಾಡ್ರಿ, ಎತ್ತು ಇಳಿಸಬ್ಯಾಡ್ರಿ.

ಗಿಡ ಬಾಡಿದ ಕೂಡಲೇ ನೆಟೆ ರೋಗ ಅಂತ ಔಷಧ ಅಂಗಡಿಗೆ ಓಡಬ್ಯಾಡ್ರಿ. 2022ರಾಗ ನೆಟೆ ರೋಗ ಕಲಬುರಗಿ ತೊಗರಿಯನ್ನ ಸುಟ್ಟಂಗ ಮಾಡಿತ್ತು, ಆ ಅಂಜಿಕಿ ಎಲ್ಲರಿಗೂ ಅದ. ಒಂದು ಗಿಡ ಕಿತ್ತು, ಕಾಂಡ ಸೀಳಿ ನೋಡ್ರಿ. ಒಳಗ ಕಂದು ಕಪ್ಪು ಗೆರಿ ಇದ್ರ ನೆಟೆ ಇರಬಹುದು, ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸ್ರಿ. ಗೆರಿ ಇಲ್ಲ, ಬೇರು ಬಿಳಿ ಅದ ಅಂದ್ರ ಅದು ನೀರಿನ ಕಾಟ. ನೀರು ಹೋದ ಮ್ಯಾಲೆ ಗಿಡ ಚೇತರಿಸಿಕೊಳ್ಳಬಹುದು. 2019ರಾಗ ನಮ್ಮ ತೊಗರಿ ಬ್ಯಾಳಿಗೆ ಭೌಗೋಳಿಕ ಗುರುತು ಸಿಕ್ಕಾಗ ಊರಾಗ ಪೇಢೆ ಹಂಚಿದ್ವಿ, ಆ ಹೆಸರು ನಿಂತಿರೋದು ಈ ಹಸಿ ಹಿಡಿದಿಟ್ಟುಕೊಳ್ಳೋ ಮಣ್ಣಿನ ಮ್ಯಾಲೇ. ಹಿಂಗಾರಿ ಕಡ್ಲಿ, ಬಿಳಿಜೋಳಕ್ಕ ಈ ಹಸಿ ಬೇಕು ಅನ್ನೋದೂ ಖರೇ. ಅದಕ್ಕ ನಾ ಮಳಿಗೆ ಬೈಯೂದಿಲ್ಲ.

ದಾರಿಹೋಕ (ಜೇವರ್ಗಿ), ಶುಕ್ರವಾರ ಮಧ್ಯಾಹ್ನ

ರೆಡ್ ಅಲರ್ಟ್ ಕೊಟ್ಟಿದ್ರು, ನಮ್ಮೂರಾಗ ಅಷ್ಟು ಬರಲೇ ಇಲ್ಲ. ಮುಂದಿನ ಸಲ ಮಂದಿ ನಂಬ್ತಾರೇನ್ರಿ? ಶಾಲಿ ರಜಾ ಆಯ್ತು, ಕೂಲಿ ಹೋಯ್ತು.

ಕಾಡಂಚು (ಚಿಂಚೋಳಿ), ಶುಕ್ರವಾರ ಮಧ್ಯಾಹ್ನ

ಅಣ್ಣಾ, ಕೂಲಿ ಹೋದದ್ದು ಸಣ್ಣ ಮಾತಲ್ಲ, ಒಪ್ತೀನಿ. ಆದ್ರ ಎಚ್ಚರಿಕೆ ಜಿಲ್ಲಾಕ್ಕ ಕೊಡ್ತಾರ, ಊರಿಗಲ್ಲ. ಕೆಂಪು ಅಂದ್ರ ‘ಈಗಲೇ ಕ್ರಮ ತಗೋರಿ’, ಕಿತ್ತಳೆ ಅಂದ್ರ ‘ತಯಾರಿರ್ರಿ’ ಅಂತ ಅರ್ಥ. ಜಿಲ್ಲಾದಾಗ ಕೆಲವು ಕಡೆ ಬಿದ್ದರೂ ಆ ಎಚ್ಚರಿಕೆ ಖರೇ ಆದಂಗ. ನಿಮ್ಮಲ್ಲಿ ಬೀಳಲಿಲ್ಲ, ನಮ್ಮ ಹೊಲದಾಗ ಬಿತ್ತು. ನಿಮ್ಮೂರಿಗೆ ಮಳಿ ಬರದಿದ್ರೂ ಹೊಳಿ ಬರ್ತದ, ಅದನ್ನ ಮರೀಬ್ಯಾಡ್ರಿ.

ಕಾಗಿಣಾ ತೀರ (ಮಳಖೇಡ), ಶುಕ್ರವಾರ ಸಂಜೆ

ಕಾಗಿಣಾ ನಿನ್ನೆ ರಾತ್ರಿ ಏರಿ ಇವತ್ತು ಸಂಜೀಕ ಇಳೀಲಿಕ್ಕತ್ತದ. ಇಲ್ಲಿ ಹೊಳಿ ಏರೋದೂ ಬೇಗ, ಇಳಿಯೋದೂ ಬೇಗ, ಯಾಕಂದ್ರ ನೀರು ಚಿಂಚೋಳಿ, ಸೇಡಂ ಕಡೆಯದ್ದು, ಭೀಮಾದಂಗ ದೂರದ್ದಲ್ಲ. ಜಯತೀರ್ಥರ ವೃಂದಾವನ ಇರೋ ಉತ್ತರಾದಿ ಮಠ ಹೊಳಿಗೆ ಹತ್ತಿದಂಗೇ ಅದ, ಹಂಗಾಗಿ ಹೊಳಿ ಏರಿದಾಗ ಎಲ್ಲರ ಕಣ್ಣು ಅಲ್ಲೇ. ರಾಷ್ಟ್ರಕೂಟರ ರಾಜಧಾನಿ ಇದ್ದ ಊರು ಇದು, ಈ ಹೊಳಿ ದಂಡಿ ನೋಡಿಯೇ ಕಟ್ಟಿರಬೇಕು ಅನಸ್ತದ.

ನಮ್ಮಲ್ಲಿ ಕಲ್ಲು ಮಣ್ಣಿನ ಹಳೇ ಮನಿ ಭಾಳ ಅವ. ಗ್ವಾಡಿ ಬೀಳೋದು ಮಳಿ ಸುರಿಯೋವಾಗಷ್ಟೇ ಅಲ್ಲ. ನೀರು ಕುಡಿದ ಮಣ್ಣು ಸಡಿಲಾಗಿ, ಮಾಳಿಗಿ ಮ್ಯಾಲಿನ ಹಸಿ ಮಣ್ಣಿನ ಭಾರ ಹೊತ್ತು, ಒಂದು ದಿನ ಎರಡು ದಿನ ಬಿಟ್ಟು ಕುಸೀತಾವ. ಮಳಿ ನಿಂತದಂತ ಹಸಿ ಗ್ವಾಡಿ ಬುಡಕ್ಕ ಮಕ್ಕಳನ್ನ ಮಲಗಿಸಬ್ಯಾಡ್ರಿ. ಇನ್ನ ನಾಲ್ಕು ದಿನ ಗುಡಿಯಾಗ, ಶಾಲಿಯಾಗ ಮಲಗಿದ್ರೂ ಅಡ್ಡಿಯಿಲ್ಲ.

ಹೊಸಬ (ಶಹಾಬಾದ್), ಶುಕ್ರವಾರ ರಾತ್ರಿ

ಮಾಸ್ತರರು, ಮಳೆಲೆಕ್ಕದವರು ಹೇಳಿದಂಗ ಪ್ರತಿ ತಾಸಿನ ಅಂಕಿಯನ್ನ ಹಿಂದಿನ ದಿನದ ಅದೇ ತಾಸಿನ ಅಂಕಿಗೆ ಇಟ್ಟು ನೋಡಿದೆ. ಕುಸಿತ ಒಂದೇ ಸಲ ಅದ, ಬುಧವಾರ ರಾತ್ರಿ. ದಿನದ ಏರಿಳಿತ ಬಿಟ್ಟು ನೋಡಿದ್ರ, ಕಲಬುರಗಿಯಾಗ ಗಾಳಿ ನಿಂತ ಹೊತ್ತಿಗೇ ನನ್ನಲ್ಲಿ ಒತ್ತಡ ಎಲ್ಲಾದಕ್ಕಿಂತ ಕಡಿಮಿ ಇತ್ತು. ಇದನ್ನ ನೋಡಿ ಮೈ ಝುಮ್ ಅಂತು.

ಮಳೆಲೆಕ್ಕ (ಕಲಬುರಗಿ ನಗರ), ಶನಿವಾರ ಬೆಳಿಗ್ಗೆ

ಎಲ್ಲರದ್ದೂ ಕೂಡಿಸಿ ನಕಾಶೆ ಮ್ಯಾಲೆ ಗೆರಿ ಎಳದೀನಿ. ಕೇಂದ್ರ ಸೇಡಂ ಕಡೆಯಿಂದ ಬಂದು ಕಲಬುರಗಿ ಮ್ಯಾಲಿಂದ ಅಫಜಲಪುರ, ಆಳಂದದ ನಡುವ ಹಾದು ಹೋಗ್ಯಾದ. ಗೆರಿಯ ಬಡಗಣಕ್ಕ ಮಳಿ ಕಡಿಮಿ, ತೆಂಕಣಕ್ಕ ಹೆಚ್ಚು. ಪಶ್ಚಿಮಕ್ಕ ಸಾಗೋ ಇಂಥ ಕುಸಿತದಾಗ ಎಡಬದಿಗೇ ಮಳಿ ಜಾಸ್ತಿ ಇರೋದು ವಾಡಿಕಿ, ನಮ್ಮ ಲೆಕ್ಕನೂ ಅದಕ್ಕ ಹೊಂದ್ಯಾದ. ಜೇವರ್ಗಿ ಮಾತ್ರ ಹೊಂದ್ತಿಲ್ಲ, ತೆಂಕಣಕ್ಕಿದ್ರೂ ಮಳಿ ಕಡಿಮಿ. ಅಲ್ಲಿನವರು ಇನ್ನಿಬ್ಬರು ಬರದ್ರ ಚಲೋ ಆಗ್ತದ. ಚಿತ್ತಾಪುರ, ಸುರಪುರ, ಹುಮನಾಬಾದ್ ಕಡೆಯಿಂದ ಒಂದೂ ಬಂದಿಲ್ಲ.

ಹೊಳೆದಂಡೆ ಕಾಕಾ, ಹೊಳಿ ಹೆಂಗದ?

ಹೊಳೆದಂಡೆ (ಅಫಜಲಪುರ ತಾಲೂಕು), ಶನಿವಾರ ಮಧ್ಯಾಹ್ನ

ಸೊನ್ನ ಬ್ಯಾರೇಜಿನ ಗೇಟು ತಗದಾರ. ನಿನ್ನೆ ರಾತ್ರಿಯಿಂದ ಏರ್ಲಿಕ್ಕತ್ತದ, ನಮ್ಮ ಕೆಳಗಿನ ಹೊಲ ಮುಳಗ್ಯಾವ. ಮನಿಗೆ ಇನ್ನ ಬಂದಿಲ್ಲ. ದನ, ಮೋಟಾರು ಎಲ್ಲಾ ಮ್ಯಾಲೆ ತಂದೀವಿ, ಮುದುಕರು ಮಕ್ಕಳು ಶಾಲಿಯಾಗ ಅದಾರ. ಜೇವರ್ಗಿಯ ಅಣ್ಣ, ನೀನೂ ತಯಾರಿರು. ಯಾದಗಿರಿಯವರು ಗುರುಸಣಗಿ ಬ್ಯಾರೇಜಿನ ಕಡೆ ನೋಡಕೋತ ಇರ್ರಿ, ನಮ್ಮಲ್ಲಿ ಏರಿದ್ದು ನಿಮಗ ಮುಟ್ಟಲಿಕ್ಕೆ ಇನ್ನ ಹೊತ್ತದ, ಅಷ್ಟರಾಗ ಮೋಟಾರು ಬಿಚ್ಚಿಕೋರಿ.

ಹತ್ತಿ ಹೊಲ (ಶಹಾಪುರ, ಯಾದಗಿರಿ ಜಿಲ್ಲೆ), ಶನಿವಾರ ಮಧ್ಯಾಹ್ನ

ಓದಿದೆ ಕಾಕಾ. ಹೊಳಿ ದಂಡಿ ಮ್ಯಾಲಿನ ನಮ್ಮ ಬೀಗರಿಗೆ ಫೋನ್ ಮಾಡೀನಿ, ಅವರು ಟ್ರ್ಯಾಕ್ಟರ್ ತಗೊಂಡು ಮೋಟಾರು ತರಲಿಕ್ಕೆ ಹೊಂಟಾರ. ಬಕೆಟು ಬಿಟ್ಟು ನೆಟ್ಟಗಿನ ಡಬ್ಬಿ ಒಂದು ಇಟ್ಟೀನಿ ಮಾಸ್ತರರೇ. ಸುರಪುರದ ನಮ್ಮ ಅಳಿಯನಿಗೂ ಹೇಳೀನಿ, ಅಲ್ಲಿ ಬುಧವಾರ ರಾತ್ರಿ ಪಡುವಣ ಗಾಳಿನೇ ಇತ್ತಂತ, ನಿಮ್ಮ ನಕಾಶೆಯಾಗ ಸೇರಿಸಿಕೋರಿ.